ಕೂಸಿಗೆ ಟಿಪಿಎನ್ ಹಚ್ಚ್ಯಾರಂದ್ರ ಮನ್ಯಾವ್ರು ಏನು ಮಾಡಬೇಕು

ಎನ್‌ಐಸಿಯು ಒಳಗ, ಅಂದ್ರ ಹುಟ್ಟಿದ ಕೂಸುಗಳ ಐಸಿಯುದಾಗ, ನಿಮ್ಮ ಕೂಸಿನ ಬಾಜೂಕ ಎರಡು ಪಂಪ್ ಓಡಾಕತ್ತಾವ, ಒಂದ್ರಾಗ ತಿಳಿ ಹಳದಿ ನೀರು, ಇನ್ನೊಂದ್ರಾಗ ಹಾಲಿನಂಗ ಬೆಳ್ಳಗಿಂದು, ಅಂದ್ರ ಅದು ಟಿಪಿಎನ್, ಬಾಯಿ ಹೊಟ್ಟಿ ಬಿಟ್ಟು ನರದಾಗಿಂದನ ಕೊಡೋ ಊಟ. ಹೊರಗ ಬೆಂಚಿನ ಮ್ಯಾಲೆ ಕುಂತವ್ರು ಒಬ್ರು "ನರದಾಗ ಹಾಲು ಬಿಡಾಕತ್ತಾರ" ಅಂತ ಊರಿಗೆ ಫೋನ್ ಹಚ್ತಾರ, ಇನ್ನೊಬ್ರು "ಬರೇ ಸಲಾಯಿನ್ ಮ್ಯಾಲೆ ಇಟ್ಟಾರ, ಕೂಸಿಗೆ ಏನೂ ಕುಡಸವಲ್ರು" ಅಂತ ಸಿಸ್ಟರ್ ಜೋಡಿ ಜಗಳಕ್ಕ ನಿಲ್ತಾರ. ನಾನು ಈ ಭಾಗದಾಗ ಎನ್‌ಐಸಿಯು ನರ್ಸ್, ಗಂಗಾವತಿ ಸಿಂಧನೂರು ಸಿರುಗುಪ್ಪ ಕುಷ್ಟಗಿ ಕಡಿಂದ ಬಂದವ್ರು ಎಲ್ರೂ ಕೇಳೋದು ಇವೇ ಪ್ರಶ್ನಿ, ಡ್ಯೂಟ್ಯಾಗ ನಿಂತು ಬಿಡಿಸಿ ಹೇಳಾಕ ಟೈಮ್ ಸಿಗಂಗಿಲ್ಲ, ಅದಕ್ಕ ಇಲ್ಲಿ ಬರದೀನಿ. ಡೋಸಿನ ಲೆಕ್ಕ ಡಾಕ್ಟ್ರದು, ಅದರಾಗ ಕೈ ಹಾಕಾಂಗಿಲ್ಲ, ನೀವು ಮಾಡೋ ಕೆಲಸ ಬ್ಯಾರೇನ ಐತಿ ಮತ್ತ ಅದು ಸಣ್ಣ ಕೆಲಸ ಅಲ್ಲ.

ಮೊದ್ಲು ಇದು ಯಾಕ ಅಂತ ತಿಳ್ಕೋರಿ

ಏಳು ತಿಂಗ್ಳಿಗೇ ಹುಟ್ಟಿದ, ಒಂದು ಕೆಜಿ ಆಜುಬಾಜು ಇರೋ ಕೂಸಿಗೆ ಕರುಳು ಇನ್ನಾ ಬಲ್ತಿರಂಗಿಲ್ಲ, ಚೀಪೋದು ನುಂಗೋದು ಉಸರಾಡೋದು ಮೂರನ್ನೂ ಕೂಡ್ಸಿ ಮಾಡೋದು ಸುಮಾರು 34 ವಾರದ ಹೊತ್ತಿಗೆ ಬರ್ತೈತಿ. ಅದಕ್ಕಿಂತ ಮೊದ್ಲ ಹುಟ್ಟಿದ್ದಕ್ಕ ಹಾಲು ಮೂಗಿನ ಅಥವಾ ಬಾಯಿ ನಳಿಗಿಯಿಂದನ ಹೋಗಬೇಕು, ಅದೂ ಒಮ್ಮಿಗೇ ಪೂರ್ತಿ ಕೊಟ್ರ ಹೊಟ್ಟಿ ತಡಕೊಳ್ಳಂಗಿಲ್ಲ. ಇನ್ನು ಕೆಲವು ಕೂಸು ತಿಂಗ್ಳು ತುಂಬೇ ಹುಟ್ಟಿರ್ತಾವ ಆದ್ರ ಕರುಳು ಹೊಟ್ಟಿ ಹೊರಗ ಬಂದಿರ್ತೈತಿ, ಇಲ್ಲಾ ಕರುಳು ನಡುವ ಮುಚ್ಕೊಂಡಿರ್ತೈತಿ, ಆಪರೇಶನ್ ಆಗಿ ಗಾಯ ಮಾಯೋತನಕ ಬಾಯಿಗೆ ಏನೂ ಹಾಕಾಂಗಿಲ್ಲ. ಎನ್‌ಇಸಿ ಅಂತ ಕರುಳಿಗೆ ಬಾವು ಬಂದು ಕೊಳ್ಯೋ ಬ್ಯಾನಿ ಐತಿ, ಅದರಾಗೂ ಹಾಲು ನಿಲ್ಲಿಸ್ತಾರ. ಇವಕ್ಕೆಲ್ಲಾ ಊಟ ನೇರ ರಕ್ತಕ್ಕ ಹೋಗಬೇಕು.

ಗ್ಲುಕೋಸ್ ಸಾಕಲ್ಲ ಅನ್ನೋವ್ರಿಗೆ ಒಂದು ಲೆಕ್ಕ ಹೇಳ್ತೀನಿ. ಒಂದು ಕೆಜಿ ಕೂಸಿಗೆ ಮೊದಲ್ನೇ ದಿನ 80 ಮಿಲಿ 10% ಡೆಕ್ಸ್ಟ್ರೋಸ್ ಹಚ್ಚಿದ್ರು ಅನ್ಕೋರಿ, ಅದರಾಗ ಸಕ್ರಿ 8 ಗ್ರಾಂ, ಸಿಗೋದು 27 ಕ್ಯಾಲರಿ ಅಷ್ಟ, ಪ್ರೋಟೀನ್ ಸೊನ್ನಿ. ಆ ಕೂಸು ಬದುಕಾಕ ತನ್ನ ಮೈಯಾಗಿಂದನ ಪ್ರೋಟೀನ್ ಕರಗಿಸ್ತೈತಿ, ದಿನಕ್ಕ ಸುಮಾರು ಒಂದು ಗ್ರಾಂ. ಮೈಮ್ಯಾಲೆ ಕೊಬ್ಬೇ ಇಲ್ಲದ ಕೂಸಿಗೆ ಅದು ಬಾಳ ದಿನ ನಡಿಯಂಗಿಲ್ಲ. ಅದಕ್ಕ ಹುಟ್ಟಿದ ದಿನಾನ ಅಮೈನೋ ಆಸಿಡ್, ಅಂದ್ರ ಪ್ರೋಟೀನಿನ ತುಣುಕು, ಸುರು ಮಾಡ್ತಾರ, ಕೆಜಿಗೆ ಒಂದೂವರಿ ಗ್ರಾಂ ಹಿಡಿದು ಎರಡ್ನೇ ದಿನದಿಂದ ಎರಡೂವರಿ ಮೂರೂವರಿತನಕ. ಬೆಳ್ಳಗಿಂದು ಲಿಪಿಡ್, ಅಂದ್ರ ಎಣ್ಣಿ, ಹನಿ ಹನಿ ಒಡದು ನೀರಿನ ಜೋಡಿ ಬೆರಸಿದ್ದು, ಅದನ್ನ ಕೆಜಿಗೆ ಮೂರ್ನಾಕು ಗ್ರಾಂ ತನಕ ಏರಸ್ತಾರ. ಅಮೈನೋ ಆಸಿಡ್ ಮೂರೂವರಿ ಗ್ರಾಂ, ಲಿಪಿಡ್ 3 ಗ್ರಾಂ, ಸಕ್ರಿ ನಿಮಿಷಕ್ಕ 8 ಮಿಲಿಗ್ರಾಂ ಹೊಂಟ್ರ ದಿನಕ್ಕ ಹನ್ನೊಂದೂವರಿ ಗ್ರಾಂ, ಎಲ್ಲಾ ಕೂಡಿಸಿದ್ರ 80 ಕ್ಯಾಲರಿ ದಾಟ್ತೈತಿ. 27 ಎಲ್ಲಿ 80 ಎಲ್ಲಿ. ಅದರ ಜೋಡಿ ಸೋಡಿಯಂ ಪೊಟ್ಯಾಶಿಯಂ ಕ್ಯಾಲ್ಸಿಯಂ ಫಾಸ್ಫೇಟ್ ಜಿಂಕ್, ಮತ್ತ ವಿಟಮಿನ್, ಆ ಹಳದಿ ಬಣ್ಣ ವಿಟಮಿನ್‌ದು.

ನರದಾಗಿಂದ ಕೊಟ್ರ ಖರೇನ ಬೆಳೀತಾವೇನು ಅಂತ ಕೇಳೋವ್ರು ಬಾಳ. ಬೆಳೀತಾವ. ಅಮೆರಿಕಾದ ಫಿಲಡೆಲ್ಫಿಯಾದಾಗ ಡುಡ್ರಿಕ್ ಮತ್ತ ವಿಲ್ಮೋರ್ ಅನ್ನೋ ಸರ್ಜನ್‌ಗಳು ಮೊದ್ಲು ನಾಯಿಮರಿಗಳಿಗೆ ಹಿಂಗ ಉಣಿಸಿ ಬೆಳಸಿದ್ರು, ಆಮ್ಯಾಲೆ ಸಣ್ಣ ಕರುಳು ಹೆಚ್ಚುಕಮ್ಮಿ ಇಲ್ಲದ ಹುಟ್ಟಿದ ಒಂದು ಹೆಣ್ಣು ಕೂಸಿಗೆ ಬರೇ ನರದಾಗಿಂದ ಊಟ ಕೊಟ್ಟು, ಅದರ ತೂಕ ಉದ್ದ ತಲಿ ಸುತ್ತಳತಿ ಏರಿದ್ದನ್ನ 1968ರಾಗ ಬರದು ಜಗತ್ತಿಗೆ ತೋರ್ಸಿದ್ರು. ಅಲ್ಲಿಂದನ ಇದು ಸುರು ಆಗಿದ್ದು.

ಒಂದು ಮಾತು ನಡುವ: ಲಿಪಿಡ್‌ದಾಗ ಸೋಯಾ ಎಣ್ಣಿ ಇರ್ತೈತಿ, ಅದನ್ನ ಬೆರಸಾಕ ತತ್ತಿಯ ಹಳದಿ ಭಾಗದಾಗಿನ ಒಂದು ಪದಾರ್ಥ ಬಳಸ್ತಾರ, ಕೆಲವು ಕಂಪನಿದ್ರಾಗ ಮೀನೆಣ್ಣಿನೂ ಇರ್ತೈತಿ. ಶುದ್ಧ ಸಸ್ಯಾಹಾರಿ ಮನಿ ಅಜ್ಜಿಯರು ಇದನ್ನ ಕೇಳಿ ಗಾಬರಿ ಆಗಿದ್ದು ನೋಡೀನಿ. ಔಷಧ ಅಂತ ತಿಳ್ಕೊಂಡು ಸುಮ್ನಿರೋದು ಚಲೋ ಅಂತ ನನ್ನ ಅಭಿಪ್ರಾಯ, ಆದ್ರ ಕೇಳಿದ್ರ ಸಿಸ್ಟರ್ ಆದವ್ರು ಸುಳ್ಳು ಹೇಳಬಾರದು.

ಲೈನ್ ಎಲ್ಲೈತಿ ನೋಡ್ರಿ

ಕೈ ಕಾಲಿನ ಸಣ್ಣ ನರದಾಗ ಹಚ್ಚಿದ್ರ ಸಕ್ರಿ ಹನ್ನೆರಡೂವರಿ ಪರ್ಸೆಂಟ್ ತನಕ ಅಷ್ಟ ಬಿಡಬಹುದು, ಅದಕ್ಕಿಂತ ಗಟ್ಟಿ ಇದ್ರ ನರ ಸುಡ್ತೈತಿ. ಗಟ್ಟಿದು ಬೇಕಂದ್ರ ಹೊಕ್ಕಳ ಬಳ್ಳಿಯ ನರದಾಗ ನಳಿಗಿ ಹಾಕ್ತಾರ, ಅದನ್ನ ಸಾಮಾನ್ಯವಾಗಿ ಒಂದು ವಾರ, ಬಾಳ ಅಂದ್ರ ಎರಡು ವಾರ ಇಡ್ತಾರ. ಆಮ್ಯಾಲೂ ಬೇಕಾದ್ರ ಪಿಕ್ ಲೈನ್ ಅಂತ, ಕೈ ಇಲ್ಲಾ ಕಾಲಿನಿಂದ ದೊಡ್ಡ ನರದತನಕ ಹೋಗೋ ದಾರದಷ್ಟು ತೆಳ್ಳನ ನಳಿಗಿ, ಹಾಕಿದ ಮ್ಯಾಲೆ ತುದಿ ಎಲ್ಲಿ ಕುಂತೈತಿ ಅಂತ ಎಕ್ಸ್‌ರೇ ತಗೀತಾರ. ಎಕ್ಸ್‌ರೇ ಯಾಕ ತಗದ್ರಿ ಅಂತ ಸಿಟ್ಟಾಗಬ್ಯಾಡ್ರಿ, ತುದಿ ತಪ್ಪು ಜಾಗದಾಗ ಇದ್ರ ಹೃದಯದ ಸುತ್ತ ನೀರು ತುಂಬೋ ಅಪಾಯ ಐತಿ.

ನೀವು ಒಳಗ ಹೋದಾಗ ನೋಡಬೇಕಾದ್ದು ಸೂಜಿ ಚುಚ್ಚಿದ ಜಾಗ. ಬಾವು ಬಂದೈತೇನು, ಬೆಳ್ಳಗಾಗೈತೇನು, ಕೆಂಪಗಾಗೈತೇನು, ಮುಟ್ಟಿದ್ರ ಗಟ್ಟಿ ಐತೇನು, ಒದ್ದಿ ಆಗೈತೇನು, ಏನ್ ಕಂಡ್ರೂ ಆ ಕ್ಷಣಾನ ಸಿಸ್ಟರ್‌ಗೆ ಹೇಳ್ರಿ, ರೌಂಡ್ಸ್ ಬರ್ಲಿ ಅಂತ ಕಾಯಬ್ಯಾಡ್ರಿ. ನರದಿಂದ ಹೊರಗ ಸೋರಿದ ಟಿಪಿಎನ್ ಚರ್ಮಾನ ಕೊಳಿಸಿಬಿಡ್ತೈತಿ. ನಾವೂ ತಾಸಿಗೊಮ್ಮೆ ನೋಡ್ತೀವಿ ಆದ್ರ ತಾಯಿ ಕಣ್ಣು ಬ್ಯಾರೆ.

ಪಂಪ್ ಅಲಾರಂ ಹೊಡದ್ರ ಬಟನ್ ಒತ್ತಬ್ಯಾಡ್ರಿ. ಇದನ್ನ ದೊಡ್ಡ ಅಕ್ಷರದಾಗ ಬರದು ಗ್ವಾಡಿಗೆ ಹಚ್ಚಬೇಕು ಅನಸ್ತೈತಿ. ಸಕ್ರಿ ಒಮ್ಮಿಂದೊಮ್ಮೆ ನಿಂತ್ರ ಕೂಸಿನ ಶುಗರ್ ಸ್ವಲ್ಪ ಹೊತ್ತಿನ್ಯಾಗ ಬೀಳ್ತೈತಿ, ಬಿದ್ರ ಮೆದುಳಿಗೆ ಪೆಟ್ಟು. ಪಂಪ್ ಮತ್ತ ಪೈಪಿಗೆ ಕರಿ ಬಟ್ಟಿ ಇಲ್ಲಾ ಅಲ್ಯುಮಿನಿಯಂ ಹಾಳಿ ಸುತ್ತಿದ್ರ ಅದನ್ನೂ ತಗೀಬ್ಯಾಡ್ರಿ, ಬೆಳಕು ಬಿದ್ರ ವಿಟಮಿನ್ ಕೆಡ್ತೈತಿ, ಲಿಪಿಡ್‌ದಾಗ ಕೂಸಿಗೆ ತ್ರಾಸ ಕೊಡೋ ಪೆರಾಕ್ಸೈಡ್ ಹುಟ್ತಾವ. ಹೊಕ್ಕಳ ಲೈನ್ ಇದ್ದಾಗ ಡೈಪರ್ ಹೊಕ್ಕಳದ ಕೆಳಗ ಇರಬೇಕು.

ಕೈ ತೊಳ್ಯೋದು, ಇದರ ಮ್ಯಾಲೆ ಜಗಳ ಆದ್ರೂ ಪರವಾಗಿಲ್ಲ

ಟಿಪಿಎನ್‌ದಾಗ ಕೂಸಿಗೆ ಬರೋ ದೊಡ್ಡ ಗಂಡಾಂತರ ಲೈನ್ ಇನ್‌ಫೆಕ್ಷನ್. ಸಕ್ರಿ, ಪ್ರೋಟೀನ್, ಎಣ್ಣಿ ಕೂಸಿಗೆ ಹೆಂಗ ಊಟಾನೋ ಕ್ರಿಮಿಗೂ ಹಂಗ ಊಟ, ಅದೂ ನೇರ ರಕ್ತಕ್ಕ ಹೋಗೋ ದಾರಿ. ಅದಕ್ಕ ಇದನ್ನ ಕಲಸೋದು ಲ್ಯಾಮಿನಾರ್ ಫ್ಲೋ ಅನ್ನೋ ಶುದ್ಧ ಗಾಳಿ ಹಾಯೋ ಪೆಟ್ಟಿಗ್ಯಾಗ, ಗೌನು ಗ್ಲೌಸು ಹಾಕ್ಕೊಂಡು. ನಾವು ಅಷ್ಟು ಮಾಡಿ ತಂದಿದ್ದು ನಿಮ್ಮ ಒಂದು ಕೈಯಿಂದ ಹಾಳಾಗಬಾರದು.

ಒಳಗ ಹೋಗಾಕಿಂತ ಮೊದ್ಲು ಉಂಗುರ, ವಾಚ್, ಬಳಿ ತಗೀರಿ. ಹಡದ ಬಾಣಂತಿ ಹಸರು ಬಳಿ ತಗ್ಯಾಂಗಿಲ್ಲ ಅಂತ ಅತ್ತಿ ಹಟ ಹಿಡದ್ರ ಮೊಳಕೈ ಮ್ಯಾಲಕ್ಕ ಸರಿಸಿ ಟೇಪ್ ಹಚ್ಚಿಕೊಳ್ರಿ, ಸರೂದಿಲ್ಲ ಅಂದ್ರ ಬಿಚ್ಚಲೇಬೇಕು. ಉಗರು ಕತ್ತರಿಸಿರ್ರಿ. ಸೋಪು ಹಚ್ಚಿ ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಉಗರ ತುದಿ, ಮೊಳಕೈತನಕ, ಒಟ್ಟು 40ರಿಂದ 60 ಸೆಕೆಂಡ್, ಸಣ್ಣ ಲೆಕ್ಕ ಅಲ್ಲ ಅದು, ಎಣಿಸಿ ನೋಡ್ರಿ. ಆಮ್ಯಾಲೆ ಮೊಬೈಲ್ ಮುಟ್ಟಿದ್ರಿ ಅಂದ್ರ ಮತ್ತ ಮೊದಲಿಂದ. ಕೂಸಿನ ಕೈಗೆ ಕರಿ ದಾರ, ತಾಯತ, ಹಣಿಗೆ ವಿಭೂತಿ, ಕಣ್ಣಿಗೆ ಕಾಡಿಗಿ ಯಾವುದೂ ಬ್ಯಾಡ, ದೇವ್ರ ಪ್ರಸಾದ ನಿಮ್ಮ ಹಣಿಗೆ ಇರ್ಲಿ. ನೋಡಾಕ ಬರೋವ್ರು ಅವ್ವ ಅಪ್ಪ ಇಬ್ರ ಸಾಕು, ನೆಗಡಿ ಕೆಮ್ಮು ಇದ್ದವ್ರು ಹೊರಗ.

ಹಾಲು ತಗ್ಯೋದು, ಇಡೀ ಬರಹದಾಗ ಇದನ್ನೊಂದು ಮರೀಬ್ಯಾಡ್ರಿ

ಬಾಳ ಮಂದಿ ಇಲ್ಲೇ ಎಡವೋದು. ನರದಾಗಿಂದ ಊಟ ಹೊಂಟೈತಿ, ಇನ್ನ ಹಾಲು ಯಾಕ ಅಂತ ಬಾಣಂತಿನ ಊರಿಗೆ ಕಳಸ್ತಾರ, ಎರಡು ವಾರ ಬಿಟ್ಟು ಕೂಸಿಗೆ ಹಾಲು ಬೇಕು ಅಂದಾಗ ಎದಿ ಬತ್ತಿರ್ತೈತಿ. ಟಿಪಿಎನ್ ಬಾಳ ದಿನ ನಡದಷ್ಟೂ ಪಿತ್ತ ಕರುಳಿಗೆ ಇಳಿಯೋದು ನಿಧಾನ ಆಗಿ ಲಿವರ್‌ಗೆ ತ್ರಾಸ ಆಗ್ತೈತಿ, ಕೆಲಸ ಇಲ್ಲದ ಕರುಳಿನ ಒಳ ಪದರ ತೆಳ್ಳಗಾಗ್ತೈತಿ, ವರ್ಷಗಟ್ಲೆ ಓಡಿಸ್ಲಾರದ ಬೋರಿನ ಮೋಟರ್ ಜಾಮ್ ಆದಂಗ. ಅದನ್ನ ಬಿಡಸೋ ಔಷಧ ತಾಯಿ ಹಾಲು, ಅದೂ ಹನಿ ಲೆಕ್ಕದಾಗ. ಮೊದ್ಲಿಗೆ ಕೊಡೋದು ದಿನಕ್ಕ ಕೆಜಿಗೆ 10ರಿಂದ 20 ಮಿಲಿ, ಅಂದ್ರ ಒಂದು ಕೆಜಿ ಕೂಸಿಗೆ ಎರಡು ತಾಸಿಗೊಮ್ಮೆ ಒಂದು ಒಂದೂವರಿ ಮಿಲಿ. ಇದರಿಂದ ಹೊಟ್ಟಿ ತುಂಬಂಗಿಲ್ಲ, ತುಂಬಿಸೋದು ಉದ್ದೇಶಾನೂ ಅಲ್ಲ, ಕರುಳು ಎಬ್ಬಿಸಾಕ ಅಷ್ಟ. ತಡಕೊಂಡ್ರ ದಿನಾ ಕೆಜಿಗೆ 20–30 ಮಿಲಿ ಏರಸ್ತಾರ, ಹಾಲು ಏರಿದಂಗ ಟಿಪಿಎನ್ ಇಳಿಸ್ತಾರ, ಹಾಲು ಕೆಜಿಗೆ 100–120 ಮಿಲಿ ಮುಟ್ಟಿದ ಮ್ಯಾಲೆ ಟಿಪಿಎನ್ ಬಂದ್ ಮಾಡಿ ಲೈನ್ ತಗೀತಾರ.

ಹೆರಿಗಿ ಆದ ಮೊದ್ಲ ತಾಸಿನ್ಯಾಗನ ತಗ್ಯಾಕ ಸುರು ಮಾಡ್ರಿ, ಸಿಜೇರಿಯನ್ ಆಗಿದ್ರ ಆರು ತಾಸು ದಾಟಸಬ್ಯಾಡ್ರಿ. ಕೈ ತೊಳ್ದು, ಎದಿಗೆ ಬೆಚ್ಚನ ಒದ್ದಿ ಬಟ್ಟಿ ಇಟ್ಟು ಮೆಲ್ಲಕ ತಿಕ್ರಿ. ಹೆಬ್ಬೆರಳು ಮ್ಯಾಲೆ, ಉಳದ ಬೆರಳು ಕೆಳಗ, ಕರಿ ಭಾಗದಿಂದ ಸ್ವಲ್ಪ ಹಿಂದ ಹಿಡ್ದು, ಮೊದ್ಲು ಎದಿಗೂಡಿನ ಕಡೆ ಒತ್ತಿ ಆಮ್ಯಾಲೆ ಬೆರಳು ಕೂಡಿಸಿ ಹಿಂಡ್ರಿ, ಬಿಡ್ರಿ, ಮತ್ತ ಒತ್ತ್ರಿ. ತೊಟ್ಟು ಹಿಡದು ಎಳೀಬ್ಯಾಡ್ರಿ, ಚರ್ಮದ ಮ್ಯಾಲೆ ಬೆರಳು ಜಾರಿಸಬ್ಯಾಡ್ರಿ, ನೋವಾಗಬಾರದು. ಮೊದಲ್ನೇ ದಿನ ನಾಕು ಹನಿ ಬಂದ್ರೂ ಸಿರಿಂಜಿನಾಗ ಎಳಕೊಂಡು ಕೊಡ್ರಿ, ಆ ಹಳದಿ ಗಿಣ್ಣದ ಹಾಲನ್ನ ಕೂಸಿನ ಗಲ್ಲದ ಒಳಗ ಹಚ್ತೀವಿ, ಚೆಲ್ಲಿದ್ರ ಮಾತ್ರ ನನಗ ಸಿಟ್ಟು ಬರ್ತೈತಿ. ದಿನಕ್ಕ ಎಂಟು ಸಲ ತಗೀರಿ, ರಾತ್ರಿ ಹನ್ನೆರಡರಿಂದ ನಾಕರ ನಡುವ ಒಮ್ಮೆ ಬಿಡಬ್ಯಾಡ್ರಿ, ಹಾಲು ತರಸೋ ಹಾರ್ಮೋನ್ ರಾತ್ರಿ ಜಾಸ್ತಿ ಇರ್ತೈತಿ. ಫೋನಿನ್ಯಾಗ ಅಲಾರಂ ಇಟ್ಟು ಎಬ್ಬಸೋ ಕೆಲಸ ಗಂಡಂದು.

ಪಾತ್ರಿ ಅಗಲ ಬಾಯಿ ಸ್ಟೀಲಿಂದು ಇರ್ಲಿ, ಕುದಿಸಿರಬೇಕು. ಹೆಸ್ರು, ತಾರೀಕು, ಟೈಮ್ ಬರದು ಕೊಡ್ರಿ. ಏಪ್ರಿಲ್ ಮೇದಾಗ ನಮ್ಮ ರಾಯಚೂರು ಬಳ್ಳಾರಿ ಬಿಸಲು ನಿಮಗ ಗೊತ್ತೈತಿ, ಹೊರಗ ಬೆಂಚಿನ ಮ್ಯಾಲೆ ಹಾಲಿಟ್ಕೊಂಡು ವಿಸಿಟಿಂಗ್ ಟೈಮಿಗೆ ಕಾಯಬ್ಯಾಡ್ರಿ, ತಗದ ಕೂಡ್ಲೆ ಒಳಗ ಕೊಟ್ರ ನಾವು ಫ್ರಿಜ್‌ದಾಗ ಇಡ್ತೀವಿ. ಬಾಣಂತಿ ಸಿಂಧನೂರಿನ ದವಾಖಾನ್ಯಾಗ ಹೊಲಿಗಿ ಹಾಕ್ಕೊಂಡು ಮಲಗ್ಯಾಳ, ಕೂಸು ಬಳ್ಳಾರ್ಯಾಗ ಐತಿ, ಹಿಂಗಾಗೋದು ಬಾಳ. ಅವಾಗ ಅಲ್ಲೇ ಫ್ರಿಜ್‌ದಾಗ ತಣ್ಣಗ ಮಾಡಿ, ಥರ್ಮಾಕೋಲ್ ಡಬ್ಬ್ಯಾಗ ಐಸ್ ಪ್ಯಾಕ್ ನಡುವ ಇಟ್ಟು ಯಾರರೆ ಬಸ್ಸಿನ್ಯಾಗ ತರಬಹುದು, ಮೊದ್ಲು ಇಲ್ಲಿ ಸಿಸ್ಟರ್‌ನ ಕೇಳಿ ತರ್ರಿ.

ಬಾಣಂತಿಗೆ ನೀರು ಕೊಡಬಾರದು, ಬಿಸಿ ಅನ್ನ ಬೆಳ್ಳುಳ್ಳಿ ಖಾರ ಅಷ್ಟ ಅನ್ನೋದು ಬಿಡ್ರಿ. ರೊಟ್ಟಿ, ಬ್ಯಾಳಿ, ಸಬ್ಬಸಿಗಿ ಪಲ್ಲೆ, ಸಜ್ಜಕ, ಅಂಟಿನ ಉಂಡಿ ಎಲ್ಲಾ ತಿನ್ಲಿ, ನೀರಡಿಕಿ ಆದಷ್ಟು ನೀರು ಕುಡೀಲಿ. ಆದ್ರ ಯಾವ ಉಂಡಿ ತಿಂದ್ರೂ ಹಾಲು ಹೆಚ್ಚಾಗೋದು ತಗದಷ್ಟೂ ಅಷ್ಟ.

ಕೂಸಿನ ಬಾಯಿಗೆ ಮಾತ್ರ ಜೇನು, ಗುಟ್ಟಿ, ಬಜಿ, ಕತ್ತಿ ಹಾಲು, ತೀರ್ಥ ಏನೂ ಹಾಕಬ್ಯಾಡ್ರಿ. ಕದ್ದು ಬೆರಳಿಗೆ ಜೇನು ಹಚ್ಕೊಂಡು ಬರೋ ಅಜ್ಜಿಯರು ಇರ್ತಾರ, ಪ್ರೀತಿನ ಅದು, ಆದ್ರ ಇಂಥಾ ಕರುಳಿಗೆ ಅದು ವಿಷ.

ಕೆಲವೊಮ್ಮೆ ಸುರು ಮಾಡಿದ ಹಾಲು ನಿಲ್ಲಿಸ್ತಾರ, ಹೊಟ್ಟಿ ಉಬ್ಬೈತಿ, ನಳಿಗ್ಯಾಗ ಹಸರು ನೀರು ಬಂದೈತಿ, ಮಲದಾಗ ರಕ್ತ ಕಂಡೈತಿ ಅಂತ. ಹೆದರಿಕಿ ಆಗ್ತೈತಿ ಖರೆ, ಆದ್ರ ಅವಾಗ್ಲೂ ಹಾಲು ತಗ್ಯೋದು ನಿಲ್ಲಿಸಬ್ಯಾಡ್ರಿ, ಫ್ರೀಜರ್‌ದಾಗ ಇಡಬಹುದು, ಮತ್ತ ಸುರು ಮಾಡಿದಾಗ ನಿಮ್ಮ ಹಾಲೇ ಬೇಕು.

ಡಾಕ್ಟ್ರನ್ನ ಏನು ಕೇಳಬೇಕು

"ಕೂಸು ಹೆಂಗೈತ್ರಿ ಸರ್" ಅಂದ್ರ "ಸೀರಿಯಸ್ ಐತಿ, ನೋಡೋಣ" ಅಷ್ಟ ಉತ್ರ ಸಿಗ್ತೈತಿ. ಹಿಂಗ ಕೇಳ್ರಿ: ಲೈನ್ ಎಲ್ಲೈತಿ, ಎಷ್ಟನೇ ದಿನ? ಇವತ್ತು ಹಾಲು ಎಷ್ಟು ಮಿಲಿ ಹೊಂಟೈತಿ, ನಿನ್ನಿಗಿಂತ ಹೆಚ್ಚೋ ಕಮ್ಮಿಯೋ? ಶುಗರ್ ಎಷ್ಟೈತಿ? ತೂಕ ಎಷ್ಟು? ಟಿಪಿಎನ್ ಯಾವಾಗ ಇಳಿಸ್ತೀರಿ? ಒಂದು ನೋಟ್‌ಬುಕ್ಕಿನ್ಯಾಗ ದಿನಾ ಬರಕೊಳ್ರಿ, ಮುಂದ ಬ್ಯಾರೆ ದವಾಖಾನಿಗೆ ಹೋಗೋದಾದ್ರ ಅದು ಬಂಗಾರ.

ತೂಕದ ಬಗ್ಗೆ ಒಂದು ತಿಳ್ಕೋರಿ, ಮೊದ್ಲ ವಾರ ಹತ್ತು ಪರ್ಸೆಂಟ್ ಇಳಿಯೋದು ಸಹಜ, ಟಿಪಿಎನ್ ಇದ್ದೂ ಇಳೀತೈತಿ, ಯಾಕಂದ್ರ ಅದು ಮೈಯಾಗಿನ ಹೆಚ್ಚಿನ ನೀರು. ಹತ್ತರಿಂದ ಹದಿನಾಕು ದಿನದಾಗ ಹುಟ್ಟಿದ ತೂಕಕ್ಕ ಬರಬೇಕು, ಆಮ್ಯಾಲೆ ಕೆಜಿಗೆ ದಿನಾ 15–20 ಗ್ರಾಂ ಏರಿದ್ರ ಚಲೋ. ಹಿಮ್ಮಡಿ ಚುಚ್ಚಿ ಶುಗರ್ ನೋಡ್ತಾರ, ಮ್ಯಾಲಿಂದ ಮ್ಯಾಲೆ 180 ದಾಟಿದ್ರ ಸಕ್ರಿ ಕಮ್ಮಿ ಮಾಡ್ತಾರ, ಅದಕ್ಕೂ ಬಗ್ಗಲಿಲ್ಲ ಅಂದ್ರ ಇನ್ಸುಲಿನ್. ಟಿಪಿಎನ್ ಎರಡು ವಾರ ದಾಟಿದ್ರ ಡೈರೆಕ್ಟ್ ಬಿಲಿರುಬಿನ್, ಅಂದ್ರ ಲಿವರ್ ಪಿತ್ತದಾಗ ಬಿಡಬೇಕಾದ ಹಳದಿ ಪದಾರ್ಥ, ರಕ್ತದಾಗ ಎಷ್ಟೈತಿ ಅಂತ ಕೇಳ್ರಿ, 2 ದಾಟಿದ್ರ ಲಿವರ್ ಕಡೆ ಗಮನ ಬೇಕು. ಕೂಸಿನ ಮಲ ಬೂದಿ ಬಣ್ಣಕ್ಕ ತಿರುಗಿದ್ರ, ಉಚ್ಚಿ ಬಟ್ಟಿ ಮ್ಯಾಲೆ ಗಾಢ ಹಳದಿ ಕಲೆ ಬಿಟ್ರ, ಇದು ಹುಟ್ಟಿದ ಕೂಸಿಗೆ ಬರೋ ಮಾಮೂಲಿ ಕಾಮಣಿ ಅನ್ಕೊಂಡು ಸುಮ್ನಿರಬ್ಯಾಡ್ರಿ, ಮತ್ತ ಕಾಮಣಿಗೆ ನಾಟಿ ಔಷಧ ಹುಡುಕ್ಕೊಂಡು ಅಂತೂ ಹೋಗಬ್ಯಾಡ್ರಿ.

ರೆಫರ್ ಮಾಡಿದ್ರ

ಎಲ್ಲಾ ಎಸ್‌ಎನ್‌ಸಿಯುದಾಗ (ಸರ್ಕಾರಿ ದವಾಖಾನ್ಯಾಗಿನ ಹುಟ್ಟಿದ ಕೂಸುಗಳ ವಾರ್ಡ್) ಟಿಪಿಎನ್ ಮಾಡಂಗಿಲ್ಲ. ಆಂಬುಲೆನ್ಸ್ ಹತ್ತಾಕಿಂತ ಮೊದ್ಲು ಹೋಗೋ ಕಡೆ ಫೋನ್ ಮಾಡಿಸಿ ಮೂರು ಕೇಳಿಸ್ರಿ: ಬೆಡ್ ಐತೇನು, ಟಿಪಿಎನ್ ಮಾಡ್ತೀರೇನು, ಕರುಳಿನ ತ್ರಾಸ ಇದ್ರ ಮಕ್ಕಳ ಸರ್ಜನ್ ಇದ್ದಾರೇನು. ಇದನ್ನ ಕೇಳದ ಹೋಗಿ ರಾತ್ರ್ಯೆಲ್ಲಾ ಮೂರು ದವಾಖಾನಿ ಅಡ್ಡಾಡಿ ಕೂಸು ತಣ್ಣಗಾಗಿ ಬರ್ತೈತಿ. ಸರ್ಕಾರಿ ದವಾಖಾನ್ಯಾಗ ಜನನಿ ಶಿಶು ಸುರಕ್ಷಾ ಅನ್ನೋ ಸರ್ಕಾರಿ ಯೋಜನ್ಯಾಗ ಒಂದು ವರ್ಷದೊಳಗಿನ ಬ್ಯಾನಿ ಬಿದ್ದ ಕೂಸಿಗೆ ಔಷಧ, ಪರೀಕ್ಷೆ, ರಕ್ತ, ಕರಕೊಂಡು ಹೋಗಿ ಬರೋ ಗಾಡಿ ಎಲ್ಲಾ ಪುಕ್ಕಟೆ. ಪ್ರೈವೇಟಿಗೆ ಹೋಗೋದಾದ್ರ ಬಿಪಿಎಲ್ ಕಾರ್ಡ್, ಆಧಾರ್, ಸರ್ಕಾರಿ ದವಾಖಾನಿ ರೆಫರಲ್ ಚೀಟಿ ಇಟ್ಕೊಳ್ರಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಬಿಪಿಎಲ್ ಮನಿಗೆ ವರ್ಷಕ್ಕ ಐದು ಲಕ್ಷದತನಕ ಐತಿ, ಆ ದವಾಖಾನಿ ಅದರಾಗ ಸೇರೈತೋ ಇಲ್ಲೋ ಅಡ್ಮಿಟ್ ಆಗೋ ಮೊದ್ಲ ಕೇಳ್ರಿ.

ಮನಿಗೆ ಹೋದ ಮ್ಯಾಲೆ

ಕೂಸು ಸಣಕಲ ಐತಿ ಅಂತ ಊರಾಗಿನ ಆರ್‌ಎಂಪಿ ಕಡೆ "ಶಕ್ತಿ ಬಾಟ್ಲಿ" ಹಾಕಸೋದು ನಮ್ಮ ಕಡೆ ಒಂದು ಚಟ. ದೊಡ್ಡವ್ರಿಗೆ ಹಾಕೋ ಆ ಹಳದಿ ಬಾಟ್ಲಿಗೂ ಒಳಗ ನೋಡಿದ್ದಕ್ಕೂ ಬಣ್ಣ ಒಂದಾ ಇರಬಹುದು, ಅಷ್ಟ. ಲೆಕ್ಕ ಇಲ್ಲದ, ಪಂಪ್ ಇಲ್ಲದ, ರಕ್ತ ಪರೀಕ್ಷೆ ಇಲ್ಲದ ಕೂಸಿನ ನರಕ್ಕ ಏನೂ ಬಿಡಬಾರದು. ಆರು ತಿಂಗ್ಳು ದಾಟಿದ ಕೂಸಿನ ರಟ್ಟಿ ಸುತ್ತಳತಿ ಹನ್ನೊಂದೂವರಿ ಸೆಂಟಿಮೀಟರ್ ಒಳಗ ಇದ್ರ ಅದು ತೀವ್ರ ಅಪೌಷ್ಟಿಕತಿ, ಅಂಗನವಾಡಿ ಟೀಚರ್ ಕಡೆ ಅಳತಿ ಮಾಡೋ ಬಣ್ಣದ ಪಟ್ಟಿ ಇರ್ತೈತಿ, ಅಳತಿ ತಗಸ್ರಿ. ಅಂಥಾ ಕೂಸಿಗೆ ಜಿಲ್ಲಾ ಆಸ್ಪತ್ರಿ ಪೌಷ್ಟಿಕ ಪುನಶ್ಚೇತನ ಕೇಂದ್ರದಾಗ ಬಾಯಿಯಿಂದನ ಸ್ವಲ್ಪ ಸ್ವಲ್ಪ ಉಣಿಸಿ ಏರಸ್ತಾರ, ಶಾಕ್ ಆಗಿದ್ರ ಮಾತ್ರ ಸಲಾಯಿನ್, ಇಲ್ಲಂದ್ರ ಆ ಹೃದಯ ಅಷ್ಟು ನೀರು ತಡಿಯಂಗಿಲ್ಲ.

ಇನ್ನೊಂದು ಕಡ್ಡಾಯ: ಕಣ್ಣಿನ ಆರ್‌ಒಪಿ ಪರೀಕ್ಷೆ. ಆರ್‌ಒಪಿ ಅಂದ್ರ ತಿಂಗ್ಳು ತುಂಬದ ಹುಟ್ಟಿದ ಕೂಸಿನ ಕಣ್ಣಿನ ಒಳ ಪರದೆ ಹಾಳಾಗೋ ಬ್ಯಾನಿ. 34 ವಾರಕ್ಕಿಂತ ಮೊದ್ಲು ಇಲ್ಲಾ ಎರಡು ಕೆಜಿಗಿಂತ ಕಮ್ಮಿ ಹುಟ್ಟಿದ್ರ 30 ದಿನದೊಳಗ ಆಗಬೇಕು, 28 ವಾರಕ್ಕಿಂತ ಮೊದ್ಲು ಹುಟ್ಟಿದ್ರ ಎರಡು ಮೂರು ವಾರಕ್ಕ. ಹೊರಗಿಂದ ಕಣ್ಣು ಚಂದ ಕಾಣ್ತಾವ, ಒಳಗ ಪರದೆ ಹಾಳಾಗ್ತಿರ್ತೈತಿ, ಭತ್ತದ ನಾಟಿ ಐತಿ, ಜಾತ್ರಿ ಐತಿ, ಮುಂದಿನ ವಾರ ಬರ್ತೀವಿ ಅನ್ನೋ ಮಾತು ಇಲ್ಲಿ ನಡಿಯಂಗಿಲ್ಲ. ಡಿಸ್ಚಾರ್ಜ್ ಚೀಟಿ ಮ್ಯಾಲೆ ಆ ತಾರೀಕು ಬರಸ್ಕೊಂಡು, ಕಿವಿ ಪರೀಕ್ಷೆ ಯಾವಾಗ ಅಂತನೂ ಅದೇ ಚೀಟ್ಯಾಗ ಬರಸ್ಕೊಂಡು, ಫೋಟೋ ತಗದು ಮನ್ಯಾಗಿನ ಇಬ್ರ ಫೋನಿನ್ಯಾಗ ಇಟ್ಕೊಂಡ ಮ್ಯಾಲೇ ವಾರ್ಡ್ ಬಿಡ್ರಿ.